ಒಗಿ ಎಂದರೆ ಎಸೆ

ಮಗಳನ್ನು ಫುಟ್‌ಬಾಲಿಗೆ ಸೇರಿಸಬೇಕೆಂದು ಹೊರಟವಳು ನಾನು. ಸೇರಿಸಿದ್ದು ಬೇರೆಯೇ ಆಟಕ್ಕೆ. ನೆದರ್‌ಲ್ಯಾಂಡ್ಸಿನಲ್ಲಿ ಕಾಲಿನಿಂದ ಒದೆಯುವ ಆಟಕ್ಕೆ ‘ವೂಟ್‌ಬಲ್’ ಎನ್ನುತ್ತಾರೆ. ಕ್ಲಬ್ಬಿನ ಪುಟದಲ್ಲಿ ‘ಫುಟ್‌ಬಾಲ್’ ಎಂದು ಇಂಗ್ಲಿಷಿನಲ್ಲೇ ಬರೆದಿದ್ದರೆ ಅದು ಅಮೆರಿಕದವರ ಆಟ, ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವಂಥದ್ದು. ಡಚ್ ಪದಗಳ ನಡುವೆ ಗುರುತಿನ ಪದವೊಂದು ಕಂಡ ಖುಷಿಯಲ್ಲಿ ಮುಂದಿನದನ್ನು ಓದದೆ ಮಗಳ ಹೆಸರು ಕೊಟ್ಟುಬಿಟ್ಟೆ. ಹೊಸ ಬೂಟು ತೊಡಿಸಿ ಮೈದಾನಕ್ಕೆ ಕರೆದುಕೊಂಡು ಹೋದರೆ ಅಲ್ಲಿ ಮಕ್ಕಳು ಸೊಂಟಕ್ಕೆ ಬಣ್ಣದ ಪಟ್ಟಿ ಇಳಿಬಿಟ್ಟುಕೊಂಡು ಕೈಯಲ್ಲಿ ಚೆಂಡು ಹಿಡಿದು ಓಡುತ್ತಿದ್ದರು. ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ಮಾತ್ರ ಒಂದೇ ಸಂಜೆಯಲ್ಲಿ ಆ ಆಟಕ್ಕೆ ಮರುಳಾದಳು, ಹಾಗಾಗಿ ಬಿಡಿಸುವ ಮಾತೇ ಬರಲಿಲ್ಲ.

ನಾವಿದ್ದದ್ದು ಬಾಡ್‌ಹೂವೆಡಾರ್ಪ್‌ನಲ್ಲಿ. ವಿಮಾನ ನಿಲ್ದಾಣದ ಪಕ್ಕದ ಊರು. ಮನೆಯ ಹೆಂಚಿನ ಮೇಲೆಯೇ ವಿಮಾನ ಇಳಿಯುತ್ತದೇನೋ ಅನ್ನಿಸುತ್ತಿತ್ತು. ಹುಬ್ಬಳ್ಳಿಯಿಂದ ಅಮ್ಮ ಫೋನ್ ಹಚ್ಚಿದರೆ ಪ್ರತಿ ಎರಡು ಮಾತಿಗೊಮ್ಮೆ “ತಡೀರಿ, ಒಂದ್ ಹೋಗ್ಲಿ” ಅನ್ನಬೇಕು. ನನ್ನ ಕೆಲಸ ಆಮ್‌ಸ್ಟರ್‌ಡ್ಯಾಮಿನ ಆಫೀಸು ಬಡಾವಣೆ ಜೈಡಾಸ್‌ನ ಒಂದು ಬ್ಯಾಂಕಿನಲ್ಲಿ, ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಹುಡುಕುವುದು ನನಗೆ ಸಹಜವಾಗಿ ಬರುತ್ತದೆ ಎಂದು ಮನೆಯಲ್ಲಿ ಇಬ್ಬರೂ ಹೇಳುತ್ತಾರೆ.

ಆಮೇಲೆ ಕೊರೊನಾ ಬಂತು. ವಿಮಾನಗಳು ನಿಂತವು, ಆಫೀಸು ಅಡುಗೆಮನೆಯ ಟೇಬಲ್ಲಿಗೆ ಬಂತು, ಶಾಲೆ ಮಗಳ ಕೋಣೆಗೆ ಬಂತು. ಮಕ್ಕಳ ತಂಡದ ತರಬೇತುದಾರನಾಗಿದ್ದ ಅಮೆರಿಕದ ಹುಡುಗ ಊರಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದ. ಕೆಲವು ವಾರಗಳ ಮೇಲೆ ಮಕ್ಕಳು ಹೊರಗೆ ಆಡಬಹುದು ಎಂದು ಸರ್ಕಾರ ಹೇಳಿದಾಗ ಕ್ಲಬ್ಬಿನವರು ಪಾಲಕರಿಗೆ ಸಂದೇಶ ಕಳಿಸಿದರು: ಒಬ್ಬ ‘ಹುಲ್ಪ್‌ಔಡರ್’ ಬೇಕು. ಅಂದರೆ ಸಹಾಯಕ್ಕೆ ನಿಲ್ಲುವ ಅಪ್ಪ ಅಥವಾ ಅಮ್ಮ. ಆಟ ಗೊತ್ತಿರಬೇಕಾಗಿಲ್ಲ, ಚೆಂಡುಗಳಿಗೆ ಔಷಧಿ ಸಿಂಪಡಿಸಿ ಒರೆಸಿಟ್ಟರೆ ಸಾಕು. ಮನೆಯಲ್ಲಿ ಗೋಡೆ ನೋಡಿ ನೋಡಿ ತಲೆ ಕೆಟ್ಟುಹೋಗಿತ್ತು. ನಾನು ಬರುತ್ತೇನೆ ಎಂದು ಬರೆದೆ.

ಮೊದಲ ಎರಡು ಸಂಜೆ ಬಾಯಿ ಮುಚ್ಚಿಕೊಂಡು ಚೆಂಡು ಒರೆಸಿದೆ. ಮಕ್ಕಳು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದರು. ಆಟದ ನಿಯಮ ಸುಲಭದ್ದು: ಚೆಂಡು ಹಿಡಿದು ಓಡುವವರ ಸೊಂಟದ ಪಟ್ಟಿಯನ್ನು ಎದುರಾಳಿ ಕಿತ್ತರೆ ಓಟ ಅಲ್ಲಿಗೆ ಮುಗಿಯಿತು. ನಮ್ಮ ಮಕ್ಕಳು ಚೆಂಡು ಸಿಕ್ಕಿದ್ದೇ ತಡ, ಗೂಳಿಯ ಹಾಗೆ ನೇರವಾಗಿ ನುಗ್ಗಿ ಪಟ್ಟಿ ಕೊಟ್ಟು ಬರುತ್ತಿದ್ದರು. ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಎದುರಾಳಿಯ ಅಂಗಳಕ್ಕೆ ನುಗ್ಗಿ, ಮುಟ್ಟಿ, ಸಿಗದೆ ವಾಪಸ್ಸು ಬರುವುದೇ ನನ್ನ ಕೆಲಸವಾಗಿತ್ತು. ಸೊಂಟ ಒಂದು ಕಡೆ ತೋರಿಸಿ ಕಾಲು ಇನ್ನೊಂದು ಕಡೆ ಇಡುವುದನ್ನು ಯಾರೂ ಈ ಮಕ್ಕಳಿಗೆ ಕಲಿಸಿಲ್ಲವಲ್ಲ ಎಂದು ಮೈ ಉರಿಯಿತು. ಮೂರನೆಯ ಸಂಜೆ ತಡೆಯಲಾಗಲಿಲ್ಲ. “ಏ, ಹಿಂಗಲ್ಲ, ಸರೀರಿ” ಎಂದು ಕೂಗಿ ಒರೆಸುವ ಬಟ್ಟೆ ಬಿಸಾಕಿ ಮೈದಾನದೊಳಗೆ ಹೋದೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಬನ್ನಿ, ಕೀಳಿ ನೋಡೋಣ ಎಂದೆ. ನಲವತ್ತು ದಾಟಿದ ಹೆಂಗಸು, ಮಂಡಿ ಕಟಕಟ ಅನ್ನುತ್ತಿತ್ತು. ಆದರೂ ಒಬ್ಬರಾದ ಮೇಲೆ ಒಬ್ಬರು ಬಂದರು, ಇಡೀ ತಂಡ ಬಂತು, ಪಟ್ಟಿ ಯಾರ ಕೈಗೂ ಸಿಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಎದೆ ತುಂಬಿ ನಕ್ಕೆ. ಅವತ್ತಿನಿಂದ ಆಟ ಕಲಿಸಿ ಎಂದು ಮಕ್ಕಳು ಬೇರೆ ಯಾರನ್ನೂ ಕೇಳಲಿಲ್ಲ.

ಆಟ ಕಲಿಸಿದೆ, ಅಷ್ಟೇ ಅಲ್ಲ, ನಾನೂ ಕಲಿತೆ. ಹಗಲು ಕಂಪ್ಯೂಟರಿನ ಮುಂದೆ, ಬಿಡುವಾದಾಗ ಅಮೆರಿಕದ ಪಂದ್ಯಗಳ ವಿಡಿಯೊ. ನಮ್ಮನೆಯವರು ಸಾರಿಗೆ ಒಗ್ಗರಣೆ ಹಾಕುವುದನ್ನು ಕಲಿತದ್ದು ಆ ದಿನಗಳಲ್ಲಿಯೇ. ಎರಡು ಬೆಳ್ಳುಳ್ಳಿ ಎಸಳು, ಒಂದು ಈರುಳ್ಳಿ ತುಂಡು ಇಟ್ಟು ಊಟದ ಟೇಬಲ್ಲಿನ ಮೇಲೆ ನಾನು ಆಟದ ತಂತ್ರ ರೂಪಿಸುತ್ತಿದ್ದರೆ, ಅವರು ಬಂದು ನನ್ನ ಆಟಗಾರರನ್ನು ಎತ್ತಿ ಬಾಣಲೆಗೆ ಹಾಕುತ್ತಿದ್ದರು.

ಬೇಸಿಗೆಯ ಕೊನೆಗೆ ಪಂದ್ಯಗಳು ಶುರುವಾದವು, ನಾವು ಸೋಲಲು ಶುರುಮಾಡಿದೆವು. ಮಕ್ಕಳು ಚೆನ್ನಾಗಿಯೇ ಓಡುತ್ತಿದ್ದರು. ತೊಂದರೆ ಇದ್ದದ್ದು ನನ್ನ ಗಂಟಲಿನಲ್ಲಿ. ಮುಂಚೆ ಆ ಮೈದಾನದಲ್ಲಿ ವಿಮಾನದ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲವಂತೆ. ಈಗ ಆಕಾಶ ಖಾಲಿ, ನೋಡಲು ಜನರೂ ಇಲ್ಲ, ನಾನು ಇಂಗ್ಲಿಷಿನಲ್ಲಿ ‘ಲೆಫ್ಟ್’ ಎಂದು ಕೂಗಿದರೆ ನಮ್ಮವರಿಗಿಂತ ಮೊದಲು ಎದುರಾಳಿಗಳು ಎಡಕ್ಕೆ ಹೋಗಿ ನಿಂತಿರುತ್ತಿದ್ದರು. ಮೂರನೆಯ ಪಂದ್ಯವನ್ನೂ ಕಳೆದುಕೊಂಡು ಸೈಕಲ್ ತಳ್ಳಿಕೊಂಡು ಬರುವಾಗ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮಗಳು ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವಳು. ಅವಳು ಸೈಕಲ್ ನಿಲ್ಲಿಸಿ ಹೇಳಿದಳು: “ಮಮ್ಮಿ, ನೀನು ಆಂಗ್ರಿ ಆದ್ರೆ ಕನ್ನಡದಾಗ ಒದರ್ತಿ. ಆಗ ನೋಬಡಿ ಅಂಡರ್‌ಸ್ಟ್ಯಾಂಡ್ಸ್. ದಟ್ಸ್ ಆ್ಯಕ್ಚುಲಿ ಗುಡ್.”

ಮರುದಿನದಿಂದಲೇ ನಮ್ಮ ತಂಡದ ಭಾಷೆ ಕನ್ನಡವಾಯಿತು. ಎಡಕ್ಕ, ಬಲಕ್ಕ, ಓಡು, ನಿಲ್ಲು, ಹಿಡಿ, ಒಗಿ. ಆರು ಪದ ಸಾಕು, ಆಟ ನಡೆಯುತ್ತದೆ. ಡಚ್ ಮಕ್ಕಳಿಗೆ ‘ಗ’ ಬಾಯಲ್ಲಿ ಹುಟ್ಟುವುದಿಲ್ಲ, ಗಂಟಲಿನ ತಳದಿಂದ ಕೆರೆದುಕೊಂಡು ಬರುತ್ತದೆ. ನಮ್ಮ ತಂಡದಲ್ಲಿ ಚೆಂಡು ಎಸೆಯುತ್ತಿದ್ದವಳು ಕೆಂಚು ಜಡೆಯ ಉದ್ದನೆಯ ಹುಡುಗಿ. ಅವಳ ‘ಒಗಿ’ ಕೇಳಿದರೆ ಕಫ ಕಟ್ಟಿದೆಯೇನೋ ಅನ್ನಿಸುತ್ತಿತ್ತು. ಕೊರೊನಾ ಕಾಲದಲ್ಲಿ ಎದುರಾಳಿಗಳು ಎರಡು ಹೆಜ್ಜೆ ದೂರ ಸರಿಯುತ್ತಿದ್ದರು. ಮುಂದಿನ ಪಂದ್ಯ ಗೆದ್ದೆವು, ಅದರ ಮುಂದಿನದನ್ನೂ ಗೆದ್ದೆವು. ಅಷ್ಟರಲ್ಲಿ ಸೋಂಕು ಮತ್ತೆ ಏರಿ ಪಂದ್ಯಗಳು ನಿಂತುಹೋದವು.

ಮಕ್ಕಳ ಅಭ್ಯಾಸಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಆ ಚಳಿಗಾಲ ನನಗೊಬ್ಬರು ಜೊತೆಗಾರರು ಸಿಕ್ಕರು, ತಂಡದ ಒಬ್ಬ ಹುಡುಗನ ತಂದೆ. ಮೈಸೂರಿನವರು, ಜೈಡಾಸ್‌ನಲ್ಲೇ ಇನ್ನೊಂದು ಕಂಪನಿಯಲ್ಲಿದ್ದರು, ನಡೆನುಡಿಯಲ್ಲಿ ಅತಿ ಮರ್ಯಾದಸ್ಥರು. ನಾನು ಬಿಟ್ಟ ಚೆಂಡು ಒರೆಸುವ ಕೆಲಸ ಅವರಿಗೆ ಬಂತು. ಬಂದ ಮೊದಲ ದಿನವೇ ಒಂದು ಚೆಂಡು ಅವರ ಕಾಲ ಬಳಿ ಉರುಳಿ ಹೋಯಿತು. “ಸರ್, ಲಗೂನ ಆ ಚೆಂಡ್ ಒಗೀರಿ” ಎಂದು ಕೂಗಿದೆ. ಅವರು ತಲೆಯಾಡಿಸಿ ಚೆಂಡು ಎತ್ತಿಕೊಂಡು ಹೋದರು. ನಾವೆಲ್ಲ ಕಾದೆವು. ಕಾದೇ ಕಾದೆವು. ನೋಡಿದರೆ ಆ ಮನುಷ್ಯ ಚಳಿಯಲ್ಲಿ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಬಕೆಟ್ಟಿನಲ್ಲಿ ಸೋಪು ಹಾಕಿ ಚೆಂಡು ತೊಳೆಯುತ್ತಿದ್ದಾರೆ.

“ಏನ್ ಮಾಡಾಕತ್ತೀರಿ?” ಎಂದೆ.

“ನೀವೇ ಒಗೀರಿ ಅಂದ್ರಲ್ಲ ಮೇಡಂ. ಸ್ಪ್ರೇ ಸಾಕಾಗಲ್ವೇನೋ ಅಂತ ಚೆನ್ನಾಗಿ ಒಗೀತಾ ಇದೀನಿ.”

ನಮ್ಮ ಕಡೆ ಒಗಿ ಎಂದರೆ ಎಸೆ. ಅವರ ಕಡೆ ಒಗೆಯುವುದು ಬಟ್ಟೆಯನ್ನು. ಅದು ಹೊಳೆದದ್ದೇ ನಾನು ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವರು ನಾಚಿಕೊಂಡು ಸೋಪಿನ ಕೈಯಲ್ಲೇ ಕನ್ನಡಕ ಸರಿಮಾಡಿಕೊಂಡರು. ಅವರ ಮಗನಿಗೂ ಅದೇ ಗೊಂದಲ. ಮನೆಯಲ್ಲಿ ಒಂದು ಅರ್ಥ, ಮೈದಾನದಲ್ಲಿ ಇನ್ನೊಂದು. ಕೊನೆಗೆ ಆ ಇಬ್ಬರಿಗೋಸ್ಕರ ‘ಒಗಿ’ ತೆಗೆದು ಪಠ್ಯಪುಸ್ತಕದ ‘ಎಸೆ’ ಇಟ್ಟುಕೊಂಡೆವು. ಹುಬ್ಬಳ್ಳಿಯವಳಾಗಿ ನನಗದು ಸೋತಂತೆಯೇ ಅನ್ನಿಸಿತು, ಆದರೂ ಒಪ್ಪಿದೆ.

ಚಳಿಗಾಲ ಉದ್ದವಾಗಿತ್ತು. ಕ್ಲಬ್ಬಿನ ಕ್ಯಾಂಟೀನಿಗೆ ಬೀಗ, ಪಾಲಕರು ಬೇಲಿಯ ಆಚೆ, ಒಳಗೆ ಮಕ್ಕಳು ಮತ್ತು ನಾವಿಬ್ಬರು. ಕಿವಿ ಕತ್ತರಿಸುವ ಗಾಳಿ. ದಿನವಿಡೀ ಪರದೆಯ ಮುಂದೆ ಕೂತು ಮಂಕಾಗಿ ಬರುತ್ತಿದ್ದ ಮಕ್ಕಳು ಅರ್ಧ ಗಂಟೆಯಲ್ಲಿ ಕೆಂಪು ಮೂಗಿನ ಮಂಗಗಳಾಗುತ್ತಿದ್ದವು. ಫೋನಿನ ತುಂಬ ಊರಿನ ಕೆಟ್ಟ ಸುದ್ದಿ ಬರುತ್ತಿದ್ದ ಕಾಲ. ಆ ಒಂದು ಗಂಟೆ ಇಲ್ಲದೆ ಹೋಗಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ. ನಾನು ಆ ಮಕ್ಕಳನ್ನು ಪ್ರೀತಿಸತೊಡಗಿದ್ದೆ. ಅವು ನನ್ನ ತಂಡ.

ವಸಂತದಲ್ಲಿ ಕ್ಲಬ್ಬಿನ ಅಧ್ಯಕ್ಷರು ಬಂದರು. ನಿವೃತ್ತರು, ತೆಂಗಿನ ಮರದಷ್ಟು ಎತ್ತರ, ಒಳ್ಳೆಯ ಮನುಷ್ಯ. ಒಂದೂವರೆ ಮೀಟರ್ ದೂರದಲ್ಲಿ ನಿಂತು ಒಂದು ಸಂತೋಷದ ಸುದ್ದಿ ಇದೆ ಎಂದರು. ಅಮೆರಿಕದ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಈ ಆಟ ಆಡಿ ಬಂದ ಒಬ್ಬ ಡಚ್ ಯುವಕ ಸಿಕ್ಕಿದ್ದಾನೆ, ನಿಜವಾದ ಕೋಚ್. ಬೇಸಿಗೆಯ ಟೂರ್ನಿ ಮುಗಿದ ಮೇಲೆ ತಂಡ ಅವನ ಕೈಗೆ ಹೋಗುತ್ತದೆ. ನೀವು ಬೇಕಾದರೆ ಚೆಂಡಿನ ಕೆಲಸ ಮುಂದುವರಿಸಬಹುದು, ಮೇಡಂ. ಇಷ್ಟನ್ನೂ ಅವರು ನಗುನಗುತ್ತಾ ಹೇಳಿದರು, ನನ್ನ ಹೆಗಲ ಭಾರ ಇಳಿಸುತ್ತಿದ್ದೇನೆ ಎಂದುಕೊಂಡು. ಸರಿ ಎಂದಷ್ಟೇ ಹೇಳಿ ಬಂದೆ.

ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. “ಹೋಗ್ಲಿ ಬಿಡ, ಪುಕ್ಕಟೆ ಕೆಲಸ. ಯಾರರೆ ಮಾಡ್ಕೊಳ್ಳಿ” ಎಂದರು ನಮ್ಮನೆಯವರು.

“ಬಿಡೂದಿಲ್ಲ,” ಎಂದೆ. “ಅವು ನನ್ನ ಹುಡುಗ್ರು. ನಾ ಬಿಡೂದಿಲ್ಲ.”

ಮರುದಿನ ಬೆಳಿಗ್ಗೆ ಅಧ್ಯಕ್ಷರ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಬೆಲ್ ಒತ್ತಿದೆ. ಮೊದಲೇ ಸಮಯ ಕೇಳದೆ ಒಬ್ಬರ ಮನೆಗೆ ಹೋಗುವುದು ಆ ದೇಶದಲ್ಲಿ ಮರ್ಯಾದೆಯಲ್ಲ, ಗೊತ್ತಿತ್ತು. ಬಾಗಿಲು ತೆರೆದವರು ಮೈಮೇಲಿನ ಗೌನು ಸರಿಮಾಡಿಕೊಂಡರು. ಟೂರ್ನಿ ಗೆದ್ದರೆ ಎಂದು ಕೇಳಿದೆ. ಅವರು ಜೋರಾಗಿ ನಕ್ಕರು. ನಮ್ಮ ಕ್ಲಬ್ಬಿನ ಮಕ್ಕಳು ಈವರೆಗೆ ಯಾವ ಟೂರ್ನಿಯನ್ನೂ ಗೆದ್ದಿಲ್ಲ ಎಂದರು. ಗೆದ್ದರೆ ಎಂದು ಮತ್ತೆ ಕೇಳಿದೆ. ಗೆದ್ದರೆ ಕೂತು ಮಾತಾಡಬೇಕಾಗುತ್ತದೆ ಎಂದರು. ನನಗೆ ಅಷ್ಟು ಸಾಕಾಗಿತ್ತು.

ಟೂರ್ನಿ ನಡೆದದ್ದು ನಮ್ಮದೇ ಮೈದಾನದಲ್ಲಿ, ಎರಡನೆಯ ಕೊರೊನಾ ಬೇಸಿಗೆಯಲ್ಲಿ. ಜನ ಒಳಗೆ ಬರುವಂತಿಲ್ಲ; ಪಾಲಕರೆಲ್ಲ ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದರು. ಇನ್ನೊಂದು ನಿಯಮ: ಚೆಂಡು ಒಂದು ತಂಡದಿಂದ ಇನ್ನೊಂದು ತಂಡದ ಕೈಗೆ ಹೋಗುವಾಗ ಆಟ ನಿಲ್ಲಿಸಿ, ಒರೆಸಿ ಕೊಡಬೇಕು. ಮೊದಲ ಎರಡು ಪಂದ್ಯಗಳಲ್ಲಿ ನಮ್ಮ ಮಕ್ಕಳು ಎದುರಾಳಿಗಳ ಬೆವರಿಳಿಸಿದರು. ಮೈಸೂರಿನವರು ಸ್ಪ್ರೇ ಬಾಟಲಿ ಎತ್ತಿ ಹಿಡಿದು ಕುಣಿದರು, ಅಷ್ಟು ಮರ್ಯಾದಸ್ಥ ಮನುಷ್ಯ.

ಫೈನಲ್ ವೂರ್‌ಬರ್ಗ್ ಕಡೆಯ ತಂಡದ ಜೊತೆ. ಶುರುವಾಗಿ ಸ್ವಲ್ಪ ಹೊತ್ತಿಗೇ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ನಾನು ‘ಎಡಕ್ಕ’ ಎಂದರೆ ಅವರು ಎಡಕ್ಕೆ, ‘ಬಲಕ್ಕ’ ಎಂದರೆ ಬಲಕ್ಕೆ, ‘ಎಸೆ’ ಎಂದರೆ ಹಿಂದೆ ಓಡಿ ಕೈಚಾಚಿ ನಿಲ್ಲುತ್ತಿದ್ದರು. ಹಳೆಯ ಕಥೆಯೇ ಮತ್ತೆ ಶುರುವಾಗಿತ್ತು. ಆಗ ಬೇಲಿಯ ಕಡೆಯಿಂದ ಹೆಂಗಸಿನ ದನಿ ಕೇಳಿಸಿತು: “ಬಲಗಡೆ ಅಂತಿದಾರೆ ಕಣೇ, ಬಲಗಡೆ ಹೋಗು.” ಅವರ ತಂಡದ ಗುಂಗುರು ಕೂದಲಿನ ಹುಡುಗಿ ತಲೆಯಾಡಿಸಿ ಜೊತೆಯವರಿಗೆ ಡಚ್ಚಿನಲ್ಲಿ ಏನೋ ಕೂಗಿದಳು. ಆರು ಸಾವಿರ ಕಿಲೋಮೀಟರಿಗೂ ಆಚೆ ಬಂದು, ಇರುವ ಒಂದೇ ಗುಟ್ಟು ಕನ್ನಡ, ಅದನ್ನು ಬಿಚ್ಚಲು ಎದುರಿಗೆ ಬಂದವಳೂ ಕನ್ನಡದವಳು. ಬೇರೆ ದಿನವಾಗಿದ್ದರೆ ಓಡಿಹೋಗಿ ಊರು ಯಾವುದು ಎಂದು ಕೇಳಿ ಊಟಕ್ಕೆ ಕರೆಯುತ್ತಿದ್ದೆ. ಅವತ್ತು ಅವಳ ಬಾಯಿಗೆ ಎರಡು ಮಾಸ್ಕ್ ಕಟ್ಟಬೇಕು ಅನ್ನಿಸಿತು.

ಅರ್ಧ ಆಟ ಮುಗಿದಾಗ ನಾವು ಹಿಂದಿದ್ದೆವು. ಮಕ್ಕಳು ನನ್ನ ಮುಖ ನೋಡುತ್ತಾ ನಿಂತವು. ಕೆಂಚು ಜಡೆಯವಳ ಕಣ್ಣು ತುಂಬಿತ್ತು. ನಾನು ಎಡ ಬಲ ಅದಲುಬದಲು ಮಾಡಿದೆ: ಎಡಕ್ಕ ಎಂದರೆ ಬಲಕ್ಕೆ ಓಡಿ, ಬಲಕ್ಕ ಎಂದರೆ ಎಡಕ್ಕೆ. ಆದರೆ ಎಸೆಯುವುದಕ್ಕೆ ಏನು ಹೇಳುವುದು? ಹೊಸ ಪದ ಕಲಿಸಲು ಹೊತ್ತಿಲ್ಲ. ಆಗ ಹಿಂದಿನಿಂದ ಮೈಸೂರಿನವರು ಮೆಲ್ಲಗೆ ಕೆಮ್ಮಿದರು.

“ಮೇಡಂ, ಆ ಬೇಲಿ ಹತ್ರ ಇರೋರು ನಮ್ಮ ಕಡೆಯವರು ಅನ್ಸುತ್ತೆ. ಕಣೇ ಅಂತಿದಾರೆ.”

“ಅದಕ್ಕೇನ್ರಿ?”

“ಅವರಿಗೂ ನನ್ನ ಥರಾನೇ ಆಗುತ್ತೆ. ನೀವು ನಿಮ್ಮ ಹಳೇದನ್ನೇ ಕೂಗಿ.”

ಆ ಹೊತ್ತಿನಲ್ಲಿ ಒಂದೂವರೆ ಮೀಟರಿನ ಕಾನೂನು ಇಲ್ಲದಿದ್ದರೆ ಅವರ ಬೆನ್ನು ಮುರಿಯುವಂತೆ ಗುದ್ದುತ್ತಿದ್ದೆ. ಮಕ್ಕಳಿಗೆ ಹೇಳಿದೆ: ‘ಎಸೆ’ ಮರೆತುಬಿಡಿ, ಇನ್ನು ಒಗಿ.

ಎಡಬಲದ ಆಟ ಎರಡು ಮೂರು ಸಲ ನಡೆಯಿತು. ನಾವು ಸಮ ಮಾಡಿಕೊಂಡೆವು. ಆದರೆ ಗುಂಗುರು ಕೂದಲಿನವಳು ಚುರುಕು, ಆ ಅದಲುಬದಲನ್ನೂ ಪತ್ತೆಹಚ್ಚಿಬಿಟ್ಟಳು. ಹೊತ್ತು ಮುಗಿಯುತ್ತಾ ಬಂದಿತ್ತು, ಚೆಂಡು ಆಗಷ್ಟೇ ನಮ್ಮ ಕೈಗೆ ಬಂದಿತ್ತು, ಬಹುಶಃ ಅದೇ ಕೊನೆಯ ಅವಕಾಶ. ಮಗಳು ಬಲಗಡೆಯ ಅಂಚಿನಲ್ಲಿದ್ದಳು. ಕೆಂಚು ಜಡೆಯವಳು ಚೆಂಡು ಹಿಡಿದು ನನ್ನ ಕಡೆ ನೋಡಿದಳು. ನಾನು ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಕೂಡಿಸಿ ಕೂಗಿದೆ:

“ಚೆಂಡ್ ಒಗಿ!”

ಬೇಲಿಯ ಆ ಹೆಂಗಸು, “ಒಗೀಬೇಕಂತೆ ಕಣೇ, ಚೆಂಡು ತೊಳೀತಾರಂತೆ” ಎಂದಳು. ಹುಡುಗಿ ಕೈಯೆತ್ತಿ ಜೊತೆಯವರಿಗೆ ತಡೆಯಿರಿ ಎಂದಳು. ಅವರಲ್ಲಿ ಇಬ್ಬರು, ಗೆರೆಯಾಚೆ ಮೈಸೂರಿನವರು ಸ್ಪ್ರೇ, ಬಕೆಟ್ ಇಟ್ಟುಕೊಂಡಿದ್ದ ಕಡೆ ತಿರುಗಿಯೂ ನೋಡಿದರು. ಅಷ್ಟರೊಳಗೆ ಚೆಂಡು ಗಾಳಿಯಲ್ಲಿತ್ತು. ಮಗಳು ಯಾರೂ ಇಲ್ಲದ ಹುಲ್ಲಿನ ಮೇಲೆ ಓಡಿದಳು, ತಲೆಯ ಮೇಲಿಂದ ಬಂದದ್ದನ್ನು ಎದೆಗೆ ಅವುಚಿಕೊಂಡಳು, ಗೆರೆ ದಾಟಿ ಅಲ್ಲಿಯೇ ಮಂಡಿಯೂರಿದಳು. ಆಮೇಲೆ ರೆಫರಿ ಎರಡೂ ಕೈ ಮೇಲೆತ್ತಿದ. ನಾನು ಅತ್ತೆ. ಜನರೆದುರು ಅಳುವವಳಲ್ಲ, ಮಾಸ್ಕಿನೊಳಗೆ ಮೂಗು ಸುರಿದು ಉಸಿರು ಕಟ್ಟುವಷ್ಟು ಅತ್ತೆ. ಗೆದ್ದಿದ್ದೆವು.

ಬೇಲಿಯ ಹೆಂಗಸು ನಿಯಮ ಮರೆತು ಒಳಗೆ ಓಡಿ ಬಂದಳು. “ಏನ್ರೀ ಇದು ಮೋಸ, ಒಗೆಯೋದು ಅಂದ್ರೆ ಬಟ್ಟೆ ಒಗೆಯೋದಲ್ವೇನ್ರೀ?”

“ನಿಮ್ಮ ಕಡೆ ಬಟ್ಟಿ ಒಗೀತಾರ್ರಿ,” ಎಂದೆ. “ನಮ್ಮ ಹುಬ್ಬಳ್ಳ್ಯಾಗ ಏನ್ ಕೊಟ್ರೂ ಒಗೀತೀವಿ.”

ಅವಳೂ ನಕ್ಕಳು. ಅವಳ ಮಗಳು ಮಾತ್ರ ಅಮ್ಮನನ್ನು ಕೆಕ್ಕರಿಸಿ ನೋಡುತ್ತಾ, ಕನ್ನಡ ಸರಿಯಾಗಿ ಹೇಳಿಕೊಡಬೇಕಿತ್ತು ನೀನು ಎಂದು ಡಚ್ಚಿನಲ್ಲಿ ಜಗಳ ತೆಗೆದಳು.

ಅಧ್ಯಕ್ಷರು ಬಂದಾಗ ಮಕ್ಕಳು ನನ್ನ ಸುತ್ತ ನಿಂತಿದ್ದವು. ಅವರ ಹಿಂದೆ ಅಗಲ ಭುಜದ ಯುವಕನೊಬ್ಬ, ಕೊರಳಲ್ಲಿ ಹೊಸ ಸೀಟಿ. ಅವನೇ ಅಮೆರಿಕದಲ್ಲಿ ಆಡಿ ಬಂದವನು. ಅಷ್ಟು ಹೊತ್ತೂ ಬೇಲಿಯ ಹೊರಗೆ ನಿಂತು ನೋಡಿದನಂತೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಮಾತಾಡಬೇಕು ಎಂದಿದ್ದೆನಲ್ಲ, ಮಾತಾಡೋಣ ಎಂದರು. ತಂಡ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಇವನಿಗೆ ಈ ಮಕ್ಕಳ ಜೊತೆ ಕೆಲಸ ಮಾಡುವ ಆಸೆ, ನಿಮ್ಮ ಕೈಕೆಳಗೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಯುವಕ ನನ್ನ ಕಡೆ ನೋಡಿ, ನಿಜವಾಗಿಯೂ ಕಲಿಯಬೇಕು ಎಂದಿದ್ದೇನೆ ಎಂದ. ಅಹಂಕಾರವಿಲ್ಲದ ಹುಡುಗ. ಅವನ ಮೇಲೆ ನನಗೆ ಸಿಟ್ಟು ಉಳಿದಿರಲಿಲ್ಲ.

ಆ ದೇಶಕ್ಕೆ ಕಾಲಿಟ್ಟಂದಿನಿಂದ ಪುರಸಭೆಯ ಕೌಂಟರಿನಲ್ಲಿ, ಮಗಳ ಶಾಲೆಯ ಬಾಗಿಲಲ್ಲಿ, ಪಕ್ಕದ ಮನೆಯ ಅಜ್ಜಿಯ ತೋಟದಲ್ಲಿ, ಎಲ್ಲರೂ ನನಗೆ ನಗುನಗುತ್ತಾ ಒಂದೇ ಮಾತು ಹೇಳಿದ್ದರು. ಅಷ್ಟು ವರ್ಷ ಹೇಳಿಸಿಕೊಂಡ ಮಾತನ್ನು ನಾನೊಬ್ಬರಿಗೆ ಹೇಳುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ನಾನೂ ನಗುನಗುತ್ತಾ, ನನ್ನ ಹರುಕುಮುರುಕು ಡಚ್ಚಿನಲ್ಲಿ, ನಿಧಾನವಾಗಿ ಹೇಳಿದೆ:

“ಧಾರಾಳವಾಗಿ ಬರಲಿ. ಮೊದಲು ನಮ್ಮ ಭಾಷೆ ಕಲಿಯಲಿ.”

ಅಧ್ಯಕ್ಷರು, “ಸರಿ, ಕೋಚ್” ಎಂದರು.